ಸೊನ್ನೆ ತೋರಿಸಿದ ಮೀಟರು

ಗಾಜಿನ ಕಾರ್ಖಾನೆಯಲ್ಲಿ ಮೀಟರುಗಳ ಉಸ್ತುವಾರಿ ಅವಳದು. ಬೆನ್ನ ಹಿಂದೆ ಎಲ್ಲರೂ ಸಿಐಡಿ ಅಕ್ಕ ಅನ್ನುತ್ತಿದ್ದರು. ಅನ್ನದೆ ಏನು ಮಾಡಿಯಾರು? ಕಾಯಿಸಿದ ಹಾಲನ್ನೂ ಮೂಸುವವಳು, ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗುವವಳು. ತನ್ನ ಕ್ಯಾಲಿಬ್ರೇಟರನ್ನಂತೂ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಕುಲುಮೆಯ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಕಳಿಸುವಂಥದೇ ಹುಸಿ ಸಂಕೇತ ಕಳಿಸಿ, ಮೀಟರು ನಿಜ ಹೇಳುತ್ತದೋ ಇಲ್ಲವೋ ನೋಡುವ ಯಂತ್ರ ಅದು. ಅವಳಿಗೆ ಹೇಳಿ ಮಾಡಿಸಿದಂತಿತ್ತು.

ಆ ವಾರ ಗಾಜೆಲ್ಲ ಸೊಟ್ಟಗಾಗಿ ರಾಶಿ ಬಿತ್ತು. ಕುಲುಮೆ ನೋಡಿಕೊಳ್ಳುತ್ತಿದ್ದವನು ಅವಳ ಸ್ವಂತ ತಮ್ಮ.

"ಮೀಟರೇ ಸರಿಯಿಲ್ಲ ಅಕ್ಕಾ."

ಅವಳು ಎಲ್ಲರೆದುರೇ ಹತ್ತಿರ ಹೋಗಿ ಅವನ ಬಾಯಿ ಮೂಸಿದಳು. ಅವನು ಕುಡಿತ ಬಿಟ್ಟು ವರ್ಷಗಳೇ ಆಗಿದ್ದವು. ಪಾಪ, ತಲೆ ತಗ್ಗಿಸಿ ಹೋದ.

"ಮೀಟರ್ ಸರಿ ಇದೆ ಅಂತ ನೀವಂದ್ರೆ, ಅವನನ್ನ ಇವತ್ತೇ ಕೆಲಸದಿಂದ ತೆಗೀತೀನಿ" ಅಂದರು ಮ್ಯಾನೇಜರು.

ಅವಳು ಕ್ಯಾಲಿಬ್ರೇಟರಿನಿಂದ ಐನೂರು ಡಿಗ್ರಿಯ ಸಂಕೇತ ಕಳಿಸಿದಳು. ಮೀಟರು ಐನೂರೇ ತೋರಿಸಿತು. ಹಾಗಾದರೆ ತಪ್ಪು ತಮ್ಮನದೇ ಅಂದುಕೊಂಡಳು. ಆದರೂ ಇಷ್ಟು ಕರಾರುವಾಕ್ಕಾಗಿರುವುದೇ ಅವಳಿಗೆ ಅನುಮಾನ ತಂದಿತು. ತಂತಿ ಕಿತ್ತು, ಮೀಟರಿನ ಎರಡು ತಿರುಪುಗಳನ್ನು ತಾಮ್ರದ ಚೂರಿನಿಂದ ಜೋಡಿಸಿದಳು. ಆಗ ಅದು ಕೋಣೆಯ ಬಿಸಿ ತೋರಿಸಬೇಕು. ಬೆವರು ಇಳಿಯುತ್ತಿದ್ದ ಆ ಕೋಣೆಯಲ್ಲಿ ಅದು ಸೊನ್ನೆ ತೋರಿಸಿತು.

ಕ್ಯಾಲಿಬ್ರೇಟರನ್ನು ಕಣ್ಣ ಹತ್ತಿರ ಹಿಡಿದಳು. ಪರದೆಯ ಮೂಲೆಯಲ್ಲಿ, ಕೋಣೆಯ ಬಿಸಿ ಲೆಕ್ಕಹಾಕುವ ಕಾಂಪನ್ಸೇಷನ್ ಆಫ್. ಮೀಟರು ಕೋಣೆಯ ಬಿಸಿಯನ್ನು ತಾನೇ ಕೂಡಿಕೊಳ್ಳುತ್ತದೆ. ಕ್ಯಾಲಿಬ್ರೇಟರು ಅಷ್ಟನ್ನು ಮೊದಲೇ ಕಳೆದು ಕಳಿಸಬೇಕು. ಕಳೆಯದೆ ಕಳಿಸಿದ್ದರಿಂದ ಹೋದ ವಾರದ ತಪಾಸಣೆಯಲ್ಲಿ ಮೀಟರು ಹೆಚ್ಚು ತೋರಿಸಿತ್ತು, ಅವಳು ಅದನ್ನು ತಗ್ಗಿಸಿ ಸರಿಮಾಡಿದ್ದಳು. ಅವತ್ತಿನಿಂದ ಕುಲುಮೆ ಮೀಟರು ಹೇಳಿದ್ದಕ್ಕಿಂತ ಹೆಚ್ಚೇ ಕಾಯುತ್ತಿತ್ತು.

ಆಫ್ ಮಾಡಿದ್ದು ಯಾರು? ಸ್ಟೋರಿನವನೇ? ತಮ್ಮನೇ? ಕೈ ತಾನಾಗಿ ಸೊಂಟಕ್ಕೆ ಹೋಯಿತು. ಕೀಲಿ ಅಲ್ಲೇ ಇತ್ತು. ಇನ್ನೊಬ್ಬರು ಮುಟ್ಟಲು ಅವಳು ದಾರಿಯನ್ನೇ ಬಿಟ್ಟಿರಲಿಲ್ಲ. ಬೇರೊಂದು ಯಂತ್ರ ನೋಡುವಾಗ ತಾನೇ ಆಫ್ ಮಾಡಿ ಮರೆತದ್ದು ನೆನಪಾಗಿ, ನಾಚಿಕೆಯಿಂದ ಹಿಡಿಯಷ್ಟಾದಳು.

ಮ್ಯಾನೇಜರ ಬಳಿ ತಪ್ಪೊಪ್ಪಿಕೊಂಡು ನೇರ ಕುಲುಮೆಗೆ ಹೋದಳು.

"ಮೀಟರ್ ಕೆಟ್ಟಿತ್ತು ಕಣೋ. ಕೆಡಿಸಿದ್ದೂ ನಾನೇ."

ತಮ್ಮ ಕೈಗವಸು ಬಿಚ್ಚಿಟ್ಟು ಎದುರಿಗೆ ಬಂದು ನಿಂತ.

"ಇನ್ನೊಂದ್ಸಲ ಮೂಸಿ ನೋಡ್ಬಿಡು ಅಕ್ಕಾ" ಅಂದ. "ಇಲ್ದಿದ್ರೆ ರಾತ್ರಿ ನಿಂಗೆ ನಿದ್ದೆ ಬರಲ್ಲ."

ಹೇಳಿ ಬಾಯಿ ತೆರೆದ.