ಅಣ್ಣನ ಕಾಲಡಿಯ ನೆರಳು

ರಾಯಕೋಟೆಯಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪನಿಗೆ, ಊರಿಗೆ ಫ್ಲೆಕ್ಸ್ ಬಂದ ಮೇಲೆ ಉಳಿದದ್ದು ಮನೆಮಂದಿಯ ಚಿತ್ರ ಬರೆಯುವ ಕೆಲಸ ಒಂದೇ. ಬೇರೆ ಬೇರೆ ಫೋಟೋಗಳಲ್ಲಿ ಚದುರಿಹೋದವರನ್ನು ಒಂದೇ ಬಟ್ಟೆಯ ಮೇಲೆ ಒಟ್ಟಿಗೆ ನಿಲ್ಲಿಸಿಕೊಡಬೇಕು. ತೀರಿಹೋದ ಅಜ್ಜ, ಮೊನ್ನೆ ಹುಟ್ಟಿದ ಮೊಮ್ಮಗ, ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲರೂ. ಅಪ್ಪ ಮೊದಲು ಎಳೆಯುತ್ತಿದ್ದುದು ನೆಲದ ಗೆರೆ. ಹತ್ತಿರದವರು ಕೆಳಗೆ ದೊಡ್ಡದಾಗಿ, ದೂರದವರು ಮೇಲೆ ಚಿಕ್ಕದಾಗಿ. ಸತ್ತವರು ಎಲ್ಲರಿಗಿಂತ ಮೇಲೆ, ಮೋಡದೊಳಗೆ, ಸೊಂಟದವರೆಗೆ ಮಾತ್ರ.

"ಮೇಲಕ್ಕೋದೋರ್ಗೆ ಕಾಲ್ಯಾಕೆ?" ಎನ್ನುತ್ತಿದ್ದ. ಬದುಕಿರುವವರಿಗೆ ಪಾದ ಬರೆದು, ಪಾದಕ್ಕೆ ನೆರಳು ಹಾಕುವುದು ಕೊನೆಯ ಕೆಲಸ. ಅಲ್ಲಿಯವರೆಗೆ ಮನುಷ್ಯ ಬಟ್ಟೆಗೆ ಅಂಟಿಸಿದ ಕಾಗದದ ಹಾಗೆ ಕಾಣುತ್ತಾನೆ. ನೆರಳು ಬಿದ್ದ ಮೇಲೆ ನೆಲ ಹಿಡಿದು ನಿಲ್ಲುತ್ತಾನೆ.

ನನ್ನ ಅಣ್ಣ ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಒಂದು ದಿನ ಶಿಫ್ಟು ಮುಗಿಸಿ ಗೇಟು ದಾಟಿದವನು ರೂಮಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಪೊಲೀಸ್ ಸ್ಟೇಷನ್ನು, ಆಸ್ಪತ್ರೆ, ಅಂಚೆಟ್ಟಿಯ ಕಾಡುದಾರಿ, ನಾವು ಹುಡುಕದ ಜಾಗವಿಲ್ಲ. ಸಮಾಧಾನ ಹೇಳಲು ಬಂದವರು ಗಾಯದ ಮೇಲೆ ಬರೆ ಎಳೆದು, ಕಾಫಿ ಕುಡಿದು ಹೋದರು.

ಆ ವರ್ಷವೇ ಅಪ್ಪ ನಮ್ಮ ಮನೆಯ ಚಿತ್ರಕ್ಕೆ ಕೈ ಹಾಕಿದ. ಊರಿಗೆಲ್ಲ ಬರೆದುಕೊಟ್ಟವನ ಮನೆಯ ಗೋಡೆ ಅಷ್ಟು ದಿನ ಬೋಳಾಗಿಯೇ ಇತ್ತು. ಎಡದಿಂದ ಸಾಲಾಗಿ ಜಡೆ ಹಾಕಿದ ನಾನು, ಅವ್ವ, ಅಪ್ಪ, ಬಲತುದಿಗೆ ಅಣ್ಣ. ಬೆಳಕೂ ಎಡದಿಂದಲೇ. ನಮ್ಮ ಮೂವರ ನೆರಳು ಬಲಕ್ಕೆ ಬಿದ್ದಿತ್ತು. ಅಪ್ಪನದು ಅಣ್ಣನ ಪಾದಕ್ಕೆ ಇನ್ನೇನು ತಾಗಬೇಕು ಎನ್ನುವಷ್ಟು ಉದ್ದವಾಗಿತ್ತು. ಅಣ್ಣನಿಗೆ ಮಾತ್ರ ಪಾದವಿತ್ತು, ನೆರಳಿರಲಿಲ್ಲ.

"ನೆರಳಿಲ್ದೆ ನಿಲ್ಲೋದು ದೆವ್ವ. ನನ್ ಮಗನ್ಗೆ ನೆರಳಾಕಿ" ಎಂದಳು ಅವ್ವ.

"ಬರ್ಲಿ. ಬಂದ್ ದಿನ ಹಾಕ್ತೀನಿ."

"ಹಂಗಾದ್ರೆ ಬರಲ್ಲ ಅಂತ ನಿಮ್ಗನ್ಸ್ಬುಟ್ಟದೆ."

ಅಪ್ಪ ಸೀಮೆಎಣ್ಣೆಯಲ್ಲಿ ಬ್ರಷ್ಷು ತೊಳೆಯುತ್ತ ಕೂತ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಮಗನನ್ನು ಮೇಲಕ್ಕೂ ಕಳಿಸಲಾರ, ನೆಲದ ಮೇಲೂ ನಿಲ್ಲಿಸಲಾರ. ಅವ್ವ ಕಸ ಗುಡಿಸುವಾಗ ತಲೆಯೆತ್ತಿ ಆ ಪಾದಗಳನ್ನೇ ನೋಡುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಕಾಯುವುದರಲ್ಲೇ ವರ್ಷಗಳು ಕಳೆದವು. ಅಣ್ಣನ ಸುದ್ದಿ ಬರಲಿಲ್ಲ. ಅಪ್ಪ ಎದೆನೋವೆಂದು ಮಲಗಿದವನು ಏಳಲಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅವ್ವ ಚಿತ್ರ ಇಳಿಸಿ ನನ್ನ ಮುಂದಿಟ್ಟಳು. ಅಪ್ಪನ ಬೋರ್ಡುಗಳಿಗೆ ಅಕ್ಷರ ತುಂಬಿ ನನಗೂ ಅಷ್ಟಿಷ್ಟು ಕೈ ಕುದುರಿತ್ತು.

"ನಿಮ್ಮಪ್ಪನ್ನ ಮೇಲಕ್ಕೆ ಹಾಕು."

ಮೋಡ ಬರೆದೆ, ಅದರೊಳಗೆ ಅಪ್ಪನನ್ನು ಸೊಂಟದವರೆಗೆ ಬರೆದೆ. ಕೆಳಗೆ ನಮ್ಮ ಜೊತೆ ನಿಂತಿದ್ದ ಅಪ್ಪನ ಮೇಲೆ ಚಿತ್ರದ ಹಿನ್ನೆಲೆಯ ಬಣ್ಣ ಬಳಿಯುತ್ತ ಬಂದೆ. ಪಾದಗಳನ್ನು ಮುಚ್ಚುವಾಗ ಅಳು ತಡೆಯಲಾಗಲಿಲ್ಲ. ಕೊನೆಗೆ ಉಳಿದದ್ದು ಅವನ ನೆರಳು. ಅದರ ಮೇಲೆ ಬ್ರಷ್ಷು ಇಡುವಾಗ ಅವ್ವ ನನ್ನ ಕೈ ಹಿಡಿದಳು.

"ಅದ್ನ ಅಳಿಸ್ಬ್ಯಾಡ ಕಣಮ್ಮಿ. ಅವ್ರಿಗೆ ಇನ್ಯಾಕದು? ಮಗನ್ಗಾಯ್ತದೆ."

ಆ ನೆರಳಿದ್ದದ್ದು ಅಣ್ಣನ ಎಡಕ್ಕೆ. ಬೆಳಕು ಎಡದಿಂದ ಬಂದರೆ ನೆರಳು ಎಡಕ್ಕೆ ಬೀಳುವುದಿಲ್ಲ. ಆದರೂ ಅದನ್ನು ಒಂದಿಷ್ಟು ಎಳೆದು ಅಣ್ಣನ ಪಾದಕ್ಕೆ ಸೇರಿಸಿದೆ.