ಬಿತ್ತು ಅಂದದ್ದೇ ತಪ್ಪಾಯಿತು

ಗೆಳೆಯರೇ, ಇನ್ನು ಮೇಲೆ ಕೆರೆಯಲ್ಲಿ ಬಾಯಿ ಬಿಡಬಾರದು ಅಂತ ಇವತ್ತು ಬೆಳಿಗ್ಗೆ ತೀರ್ಮಾನಿಸಿದೆ.

ಮಳವಳ್ಳಿ ಹತ್ತಿರದ ನಮ್ಮೂರ ಕೆರೆಯಲ್ಲಿ ಲಾರಿ ಟ್ಯೂಬಿನ ಮೇಲೆ ಕೂತು, ಗಾಳ ಹಿಡಿದು ಎರಡು ಗಂಟೆ ತೇಲಿದ್ದೆ. ಬೇಸಿಗೆ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು, ಕಾಲು ಜೋಮು ಹಿಡಿದಿತ್ತು, ಗಾಳದ ಬೆಂಡು ಮಾತ್ರ ಅಲುಗಲಿಲ್ಲ. ಜಾಗ ಬದಲಿಸಿದೆ, ಎರೆಹುಳು ಬದಲಿಸಿದೆ, ಕೊನೆಗೆ ಬೆಂಡನ್ನೇ ಬೈದೆ. ಆಗ ದಾರ ಜಗ್ಗಿತು. ಒಳ್ಳೇ ದಪ್ಪ ಕಾಟ್ಲಾ ಮೀನು! ದಡದಲ್ಲಿದ್ದ ಬಾಮೈದನಿಗೆ ಕೂಗಿದೆ: "ಬಿತ್ತು ಕಣ್ಲಾ, ಬಿತ್ತು!"

ಅಷ್ಟೇ. ಬಟ್ಟೆ ಒಗೆಯುತ್ತಿದ್ದ ಅಕ್ಕ ಒಬ್ಬರು ಎದೆ ಬಡಿದುಕೊಂಡರು: "ಅಯ್ಯೋ, ಯಾರ್ದೋ ಕೂಸು ಕೆರೆಗೆ ಬಿತ್ತಂತೆ, ಓಡ್ಬನ್ರಪ್ಪೋ!"

ಏರಿ ಮೇಲೆ ಹೋಗುತ್ತಿದ್ದ ಮೂವರು ಚಪ್ಪಲಿ ಸಮೇತ ಧುಮುಕಿದರು. "ಕೂಸಲ್ಲ, ಮೀನು!" ಎಂದು ನಾನು ಅರಚುವಷ್ಟರಲ್ಲಿ ಒಬ್ಬ ನನ್ನ ಟ್ಯೂಬು ಹಿಡಿದು ಎಳೆದ. ದಾರ ಕಿತ್ತುಹೋಯಿತು, ಕಾಟ್ಲಾ ತನ್ನ ದಾರಿ ಹಿಡಿಯಿತು.

"ಮೀನ್ಗಾ ಇಂಗ್ ಬಡ್ಕೊಂಡೆ? ನನ್ ಮೊಬೈಲು ನೀರ್ ಕುಡೀತಲ್ಲಲೇ!" ಎಂದು ಅವನು ನನ್ನ ಕೊರಳಪಟ್ಟಿಗೇ ಕೈ ಹಾಕಿದ.

ಬರಿಗೈಲಿ ಮನೆಗೆ ಬಂದರೆ, ಮಸಾಲೆ ಅರೆದಿಟ್ಟು ಕಾಯುತ್ತಿದ್ದ ಹೆಂಡತಿ ಕೇಳಿದಳು: "ಏನಾರ ಬಿತ್ತಾ?"

"ಮೂರು ಜನ ಬಿದ್ರು ಕಣಮ್ಮಿ" ಅಂದೆ.