ಅಕ್ಕನ ಅಡುಗೆಮನೆಯ ಸೋರಿಕೆ

ಅವನನ್ನು ಎಲ್ಲರೂ ಕಿವಿಯಣ್ಣ ಅಂತಲೇ ಕರೆಯುತ್ತಿದ್ದರು. ನೀರಿನ ಕಚೇರಿಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಆದರೆ ಆ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಅಂತ ಕೇಳಿಯೇ ಪತ್ತೆ ಹಚ್ಚುವುದು ಅವನ ಕೆಲಸ. ಎದೆಯೆತ್ತರದ ಉಕ್ಕಿನ ಸರಳು, ಅದರ ಮೇಲ್ತುದಿಗೆ ಕಿವಿಗೊತ್ತಿಕೊಳ್ಳಲು ಮರದ ಪುಟ್ಟ ಬಟ್ಟಲು. ಕೆಳತುದಿಯನ್ನು ನೆಲಕ್ಕೋ ನಲ್ಲಿಗೋ ಊರಿ, ಉಸಿರು ಬಿಗಿಹಿಡಿದು ನಿಂತುಬಿಡುತ್ತಿದ್ದ. ಒತ್ತಿ ಒತ್ತಿ ಬಲಗಿವಿ ಜಡ್ಡುಗಟ್ಟಿತ್ತು. ರಸ್ತೆ ಪಿಸುಗುಟ್ಟಿದರೂ ಇವರಿಗೆ ಕೇಳಿಸುತ್ತದೆ, ನಾನು ಸೋಪು ತನ್ನಿ ಅಂದರೆ ಮಾತ್ರ ಕಿವುಡು ಅಂತ ಹೆಂಡತಿ ರೇಗಿಸುತ್ತಿದ್ದಳು.

ಕೆಲಸದ ಹೊತ್ತಿನಲ್ಲಿ ಫೋನು ಆಫ್ ಮಾಡಿಡುವುದು ಅವನ ರೂಢಿ. ಆ ರೂಢಿಯೇ ಮುಳ್ಳಾಗಿ ಚುಚ್ಚಿತು. ನಾಲ್ಕು ವರ್ಷದ ಹಿಂದೆ, ಅಮ್ಮ ಅಕ್ಕನ ಮನೆಯಲ್ಲಿ ಕೊನೆಯುಸಿರೆಳೆದ ಮಧ್ಯಾಹ್ನ, ಅಕ್ಕ ಫೋನು ಮಾಡಿ ಮಾಡಿ ಸೋತಳು. ಇವನು ಮಾರುಕಟ್ಟೆಯ ರಸ್ತೆಯಲ್ಲಿ ನೆಲಕ್ಕೆ ಕಿವಿಗೊಟ್ಟು ನಿಂತಿದ್ದ. ಸುದ್ದಿ ತಿಳಿದು ಬಿದ್ದಂಬೀಳ ಓಡಿ ಬಂದಾಗ ಎಲ್ಲ ಮುಗಿದಿತ್ತು. ನೆಂಟರೆಲ್ಲರ ಎದುರೇ ಅಕ್ಕ ಅಂದಳು, "ಊರ ನೆಲದ ಸದ್ದೆಲ್ಲ ನಿನಗೆ ಕೇಳಿಸುತ್ತೆ. ಅಮ್ಮ ಕೂಗಿ ಕೂಗಿ ಸತ್ತಳು, ಅದು ಕೇಳಿಸಲಿಲ್ಲ."

ಸಣ್ಣವನಿದ್ದಾಗ ಅವನ ತಲೆ ಬಾಚಿ, ಕೈಹಿಡಿದು ಶಾಲೆಗೆ ಬಿಟ್ಟು ಬರುತ್ತಿದ್ದವಳು ಆ ಅಕ್ಕನೇ. ಬೇರೆ ಯಾರು ಅಂದಿದ್ದರೂ ಅವನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ. ಕಾರ್ಯವೆಲ್ಲ ಮುಗಿದ ಮೇಲೆ ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಆ ಹೊಸಿಲು ತುಳಿಯಲಿಲ್ಲ. ಅವಳೂ ಕರೆಯಲಿಲ್ಲ. ಹಠದಲ್ಲಿ ಮಾತ್ರ ಇಬ್ಬರೂ ಒಂದೇ ತಾಯಿಯ ಮಕ್ಕಳು. ಅಂದಿನಿಂದ ಅವನು ಯಾವ ಬೀದಿಯಲ್ಲಿ ಸರಳು ಊರಿದರೂ, ನೀರಿನ ಸುಯ್ಯೆನ್ನುವ ಸದ್ದಿನ ಹಿಂದೆ ಅಮ್ಮ ಕೂಗಿದಂತಾಗುತ್ತಿತ್ತು. ತಟ್ಟನೆ ತಲೆಯೆತ್ತಿ, ಸುಧಾರಿಸಿಕೊಂಡು, ಮತ್ತೆ ಕಿವಿಯಿಡುತ್ತಿದ್ದ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಈ ಸಲ ಅಕ್ಕನ ಬೀದಿಯ ತಗ್ಗಿನ ಮನೆಗಳಿಗೆ ನೀರು ದಾರದಷ್ಟು ಸಣ್ಣಗೆ ಬರತೊಡಗಿತು. ಕಚೇರಿಯಿಂದ ಇವನನ್ನೇ ಕಳಿಸಿದರು. ಬೆಳಗಿನ ಗದ್ದಲ ಶುರುವಾಗುವ ಮುಂಚೆ ಬೀದಿಯುದ್ದಕ್ಕೂ ಕೇಳುತ್ತ ಬಂದ. ಸದ್ದು ಏರುತ್ತ ಏರುತ್ತ ಸೀದಾ ಅಕ್ಕನ ಬಾಗಿಲಿಗೆ ತಂದು ನಿಲ್ಲಿಸಿತು. ಹಳೆಯ ಪೈಪಿನ ಮೇಲೆಯೇ ಅವರ ಅಡುಗೆಮನೆ ಚಾಚಿಕೊಂಡಿತ್ತು. ಒಳಗೆ ಹೋಗದೆ ಗತಿಯಿರಲಿಲ್ಲ.

ಬಾಗಿಲು ತೆರೆದವನು ಭಾವ, ಮನೆಯಲ್ಲೇ ಬಟ್ಟೆ ಹೊಲಿಯುವ ಟೈಲರ್. ಮಾತು ಬಿಟ್ಟವರಿಬ್ಬರ ನಡುವೆ ಪಾಪ ಅವನು ಅಂಚೆಯವನಾದ. ಮನೆಯ ನಲ್ಲಿಗಳನ್ನೆಲ್ಲ ನಿಲ್ಲಿಸಬೇಕು ಅಂತ ಇವನು ಭಾವನಿಗೆ ಹೇಳಿದ. ನಿಲ್ಲಿಸಿದ್ದಾಗಿದೆ ಅಂತ ಹೇಳಿ ಅಂತ ಅಕ್ಕ ಗಂಡನಿಗೆ ಹೇಳಿದಳು. ಮೂವರೂ ನಿಂತಿದ್ದದ್ದು ಒಂದೇ ಅಡುಗೆಮನೆಯಲ್ಲಿ, ಮೊಣಕೈ ತಗಲುವಷ್ಟು ಹತ್ತಿರ. ಭಾವ ಹೊಲಿಗೆ ಮಷಿನ್ನಿನ ಕಡೆ ಆಸೆಯಿಂದ ನೋಡಿದ, ಅದನ್ನೂ ಸದ್ದಾಗುತ್ತದೆ ಅಂತ ನಿಲ್ಲಿಸಿದ್ದರು.

ಸರಳು ಊರಿದ ಕೂಡಲೇ ಗೊತ್ತಾಯಿತು. ಕಟ್ಟೆಯ ಪಕ್ಕದ ಮೂಲೆ, ಚಾಪೆ ಹಾಸಿ ಹಿಟ್ಟಿನ ಡಬ್ಬ ಇಟ್ಟ ಜಾಗದ ಅಡಿಯಲ್ಲೇ. ಹೇಳಲು ಬಾಯಿ ತೆರೆದ. ಎದುರಿಗೆ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಟ್ಟಲಿನಿಂದ ಕಿವಿ ತೆಗೆದು ಸರಳನ್ನು ಮೇಲೆತ್ತಿದ.

ಸರಿಯಾಗಿ ಕೇಳಿಸುತ್ತಿಲ್ಲ ಭಾವ, ನಾಳೆ ಇನ್ನೊಂದು ಸಲ ಬಂದು ನೋಡುತ್ತೇನೆ, ಅಂದ. ಕೆಲಸಕ್ಕೆ ಸೇರಿದಂದಿನಿಂದ ಅವನು ಹೇಳಿದ ಮೊದಲ ಸುಳ್ಳು. ಆಶ್ಚರ್ಯವೆಂದರೆ ಅಕ್ಕ ಮೂಗು ಮುರಿಯಲಿಲ್ಲ. ಹೋಗುವ ಮುಂಚೆ ಚಹಾ ಕುಡಿಯಬೇಕಂತೆ ಅಂತ ಭಾವ ಸುದ್ದಿ ತಂದ. ಸಕ್ಕರೆ ಅವನಿಗೆ ಬೇಕಾದಷ್ಟೇ ಇತ್ತು.

ಮರುದಿನವೂ ಬಂದ. ಚಾಪೆಯೊಂದನ್ನು ಬಿಟ್ಟು ಮನೆಯ ಎಲ್ಲ ಕಡೆಯೂ ಸರಳು ಊರಿದ, ಚಹಾ ಕುಡಿದ, ನಾಳೆ ನೋಡೋಣ ಅಂದ. ಮೂರನೆಯ ದಿನ ಬರುವಾಗ ತಗ್ಗಿನ ಮನೆಯ ಮುದುಕಿಯೊಬ್ಬಳು ಬಿಂದಿಗೆ ಹೊತ್ತು ಏದುಸಿರು ಬಿಡುತ್ತ ಏರಿ ಬರುತ್ತಿದ್ದಳು. ಇವತ್ತಾದರೂ ಸಿಗುತ್ತೇನಪ್ಪ ಅಂತ ಕೇಳಿದಳು. ಅವನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋದಂತಾಯಿತು. ತನ್ನ ಆಸೆಗೆ ಊರವರ ನೀರು ಪೋಲು ಮಾಡುತ್ತಿದ್ದೇನೆ ಅಂದುಕೊಂಡು, ಇನ್ನು ತಡೆಯಬಾರದು ಅಂತ ಒಳಗೆ ಹೋದ.

ಅಡುಗೆಮನೆಯಲ್ಲಿ ಡಬ್ಬ ಪಕ್ಕಕ್ಕೆ ಸರಿದಿತ್ತು. ಅಕ್ಕ ಚಾಪೆಯನ್ನು ಸುರುಳಿ ಸುತ್ತಿ ಕೈಯಲ್ಲಿ ಹಿಡಿದು ನಿಂತಿದ್ದಳು. ಚಾಪೆಯ ತಳ ತೊಯ್ದು ಕಪ್ಪಾಗಿತ್ತು, ಕೆಳಗಿನ ಕಲ್ಲಿನ ಸಂದಿನಲ್ಲಿ ನೀರು ಒಸರುತ್ತಿತ್ತು.

"ಮೊದಲ ದಿನವೇ ಗೊತ್ತಾಯ್ತಾ?" ಅಂದಳು. ಭಾವನಿಗಲ್ಲ, ಅವನಿಗೇ.

"ಹೂಂ. ನಿನಗೆ?"

"ನೀನು ಬರೋಕೆ ಮುಂಚೇನೇ. ಕಚೇರಿಯವರು ಕಿವಿಯಣ್ಣನ್ನ ಕಳಿಸ್ತಾರೆ ಅಂತ ಗೊತ್ತಾದ ಕೂಡಲೇ ಚಾಪೆ ಹಾಸಿದೆ. ತೋರಿಸಿದ್ರೆ ಅವತ್ತೇ ಅಗೆದು, ಮುಚ್ಚಿ ಹೋಗಿಬಿಡ್ತಿದ್ದೆ."

ಬಾಗಿಲಲ್ಲಿದ್ದ ಭಾವ ಕೆಲಸ ಕಳೆದುಕೊಂಡ ಅಂಚೆಯವನ ಹಾಗೆ ಮೆಲ್ಲಗೆ ಹೊರಗೆ ಹೋದ. ಅಕ್ಕನ ಕೈಯಲ್ಲಿದ್ದ ಚಾಪೆಯಿಂದ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದರ ಪರಿವೆಯಿರಲಿಲ್ಲ.

"ಅಮ್ಮ ನಿನ್ನ ಕೂಗಲೇ ಇಲ್ಲ ಕಣೋ," ಅಂದಳು. "ಊಟ ಮಾಡಿ ಮಲಗಿದೋಳು ನಿದ್ದೇಲೇ ಹೋದಳು. ನಿಮ್ಮ ಭಾವ ಹೊಲಿದ ಬಟ್ಟೆ ಕೊಟ್ಟುಬರೋಕೆ ಹೋಗಿದ್ರು, ನಾನು ಒಬ್ಬಳೇ ಇದ್ದೆ, ಹೆದರಿಹೋಗಿದ್ದೆ. ನೀನು ಫೋನಿಗೆ ಸಿಗಲಿಲ್ಲ. ಆ ಸಿಟ್ಟಿಗೆ ಬಾಯಿಗೆ ಬಂದಿದ್ದು ಅಂದುಬಿಟ್ಟೆ. ಕೂಗಿದ್ದು ನಾನು."

ಅವನು ಸರಳನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕುಳಿತ. ಅಕ್ಕ ಪಕ್ಕದಲ್ಲಿ ಕುಳಿತು, ಜಡ್ಡುಗಟ್ಟಿದ ಅವನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಸವರಿದಳು. ಶಾಲೆಗೆ ತಡಮಾಡಿದಾಗ ಇದೇ ಕಿವಿಯನ್ನು ಅವಳು ಹಿಂಡುತ್ತಿದ್ದಳು. ಇಬ್ಬರೂ ಅತ್ತರು.

ಆಮೇಲೆ ಅವನು ಕಣ್ಣೊರೆಸಿಕೊಂಡು ಎದ್ದ. ಎಲ್ಲಿ ಅಗೆಯಬೇಕು ಅಂತ ಖಚಿತ ಮಾಡಿಕೊಳ್ಳಲು ಒದ್ದೆ ಕಲ್ಲಿನ ಮೇಲೆ ಸರಳು ಊರಿ ಕಿವಿಯಿಟ್ಟ. ಎಂದಿಗಿಂತ ಹೆಚ್ಚು ಹೊತ್ತು ಹಾಗೆಯೇ ನಿಂತ, ತಲೆಯೆತ್ತಲಿಲ್ಲ.

"ಏನು ಕೇಳಿಸುತ್ತೆ?" ಅಂತ ಅಕ್ಕ ಪಿಸುದನಿಯಲ್ಲಿ ಕೇಳಿದಳು.

"ನೀರು ಅಕ್ಕ," ಅಂದ ಅವನು. "ಬರೀ ನೀರು."